ಗುಲಾಬಿ ಡ್ರೆಸ್ಸಿನ ಬ್ಯಾಟ್‌ಮ್ಯಾನ್, ಹಳದಿ ಹಾಳೆ: ಹಳೇ ಕಾಮಿಕ್ ಕೈಗೆ ಸಿಕ್ರೆ ಏನ್ಮಾಡ್ಬೇಕು?

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ ಅಮೆರಿಕದಲ್ಲಿ ಓದೋಕೆ ಹೋಗಿದ್ದಾಗ ತಂದಿದ್ದ ಒಂದು ಡಿಟೆಕ್ಟಿವ್ ಕಾಮಿಕ್ಸ್ ಮೊನ್ನೆ ಟ್ರಂಕ್‌ನಲ್ಲಿ ಸಿಕ್ತು. ನಂಬರ್ 241, ಮಾರ್ಚ್ 1957 ಅಂತಿದೆ, ಬೆಲೆ 10 ಸೆಂಟ್. ಚಿಕ್ಕೋನಿದ್ದಾಗ ಇದನ್ನ ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ, ನನ್ನ ತಲೇಲಿ ಅದು ಭಾರಿ ಗಂಭೀರವಾದ ಕಥೆ ಆಗಿತ್ತು. ಈಗ ಓದಿದ್ರೆ ಬ್ಯಾಟ್‌ಮ್ಯಾನ್ ಒಂದೊಂದು ರಾತ್ರಿ ಒಂದೊಂದು ಬಣ್ಣದ ಡ್ರೆಸ್ ಹಾಕ್ಕೊಂಡು ಓಡಾಡ್ತಾನೆ, ಗುಲಾಬಿ ಬಣ್ಣದ್ದೂ ಇದೆ! 12 ವರ್ಷದ ಮಗ ನೋಡಿ ಬಿದ್ದು ಬಿದ್ದು ನಕ್ಕ. ನನಗೆ ಒಂಥರಾ ಬೇಜಾರಾಯ್ತು. ಅದು ಆಗ್ಲೇ ಪೆದ್ದು ಪೆದ್ದಾಗಿತ್ತಾ, ಇಲ್ಲ ನಾನೇ ಏನೋ ಕಳ್ಕೊಂಡ್ನಾ? ಇನ್ನೊಂದು ವಿಷಯ, ಹಾಳೆ ಕಂದು ಬಣ್ಣಕ್ಕೆ ತಿರುಗಿದೆ, ಪಿನ್ ತುಕ್ಕು ಹಿಡಿದಿದೆ, ಮುಖಪುಟ ಬೆನ್ನಿನ ಹತ್ರ ಒಂದಿಂಚು ಹರಿದಿದೆ. ಒಬ್ಬ ಫ್ರೆಂಡ್ ಲ್ಯಾಮಿನೇಷನ್ ಮಾಡಿಸು ಅಂತಾನೆ, ಇನ್ನೊಬ್ಬ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿಸಿ ಮಾರು ಕೋಟಿ ಬರುತ್ತೆ ಅಂತಾನೆ. ಏನ್ಮಾಡ್ಲಿ?

ಉತ್ತರ: ಮೊದಲನೇದು, ದಯವಿಟ್ಟು ಲ್ಯಾಮಿನೇಷನ್ ಮಾಡಿಸ್ಬೇಡಿ. ಇದನ್ನ ಓದಿ ಮುಗಿಸೋಕೆ ಮುಂಚೆ ಯಾರಾದ್ರೂ ಆ ಕಾಮಿಕ್ ಎತ್ಕೊಂಡು ಹೊರಟಿದ್ರೆ ಅಂತ ಮೇಲೇನೇ ಹೇಳಿಬಿಟ್ಟೆ. ಕಾರಣ ಆಮೇಲೆ ಹೇಳ್ತೀನಿ.

ನಾನು 20 ವರ್ಷಕ್ಕಿಂತ ಜಾಸ್ತಿ ಕಾಲದಿಂದ ಹಳೇ ಕಾಗದ ಉಳಿಸೋ ಕೆಲಸ ಮಾಡ್ತಿದ್ದೀನಿ, ಪತ್ರಿಕೆ, ನಕ್ಷೆ, ಪೋಸ್ಟರ್, ಕಾಮಿಕ್ ಎಲ್ಲಾ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಇದೆ, ಒಂದು ಕಥೆ ಬಗ್ಗೆ ಇನ್ನೊಂದು ಕಾಗದದ ಬಗ್ಗೆ. ಜನ ಸಾಮಾನ್ಯವಾಗಿ ಎರಡನೇದನ್ನ ಮಾತ್ರ ಕೇಳ್ತಾರೆ, ನೀವು ಮೊದಲನೇದನ್ನೂ ಕೇಳಿದ್ರಲ್ಲ, ನಿಜವಾಗ್ಲೂ ಖುಷಿಯಾಯ್ತು. ಯಾಕಂದ್ರೆ ಈ ವಸ್ತು ನಿಮಗೆ ಏನು ಅನ್ನೋದು ಗೊತ್ತಾಗದೆ ಅದನ್ನ ಏನ್ಮಾಡ್ಬೇಕು ಅಂತ ಹೇಳೋಕಾಗಲ್ಲ.

ಆ ಕಥೆ ಹೆಸರು ರೈನ್‌ಬೋ ಬ್ಯಾಟ್‌ಮ್ಯಾನ್. ಮಗನ ನಗು ತಪ್ಪಲ್ಲ ಬಿಡಿ, ಮುಖಪುಟ ನೋಡಿದ್ರೆ ಯಾರಿಗಾದ್ರೂ ನಗು ಬರುತ್ತೆ. ಕತ್ತಲಲ್ಲಿ ಅಡಗಿ ಕೂತು ಕಳ್ಳರನ್ನ ಹೆದರಿಸೋ ಮನುಷ್ಯ ಜಾತ್ರೆಗೆ ಹೊರಟಹಾಗೆ ಡ್ರೆಸ್ ಮಾಡ್ಕೊಂಡಿದ್ದಾನೆ. ಆದ್ರೆ ಕೊನೆಯಲ್ಲಿ ಏನಾಗುತ್ತೆ ನೆನಪಿದ್ಯಾ? ಬ್ಯಾಟ್‌ಮ್ಯಾನ್ ಜೊತೆಗಾರ ಹುಡುಗ ರಾಬಿನ್, ಅವನ ನಿಜವಾದ ಹೆಸರು ಡಿಕ್ ಗ್ರೇಸನ್, ವೇಷ ಇಲ್ಲದೆ ಮಾಮೂಲಿ ಹುಡುಗನಾಗಿ ರಸ್ತೆಯಲ್ಲಿದ್ದಾಗ ಒಂದು ಮಗೂನ ಕಾರಿನಿಂದ ಕಾಪಾಡೋಕೆ ಹೋಗಿ ತೋಳಿಗೆ ಏಟು ಮಾಡ್ಕೊಂಡಿರ್ತಾನೆ. ಅದೇ ತೋಳಿನ ನೋವು ರಾಬಿನ್‌ಗೂ ಇದೆ ಅಂತ ಯಾರಾದ್ರೂ ಗಮನಿಸಿದ್ರೆ ಇಬ್ಬರೂ ಒಬ್ಬನೇ ಅನ್ನೋ ಗುಟ್ಟು ಬಯಲು. ಅದಕ್ಕೇ ಎಲ್ಲರ ಕಣ್ಣೂ ತನ್ನ ಮೇಲೇನೇ ಇರ್ಲಿ, ಹುಡುಗನ ತೋಳಿನ ಕಡೆ ಯಾರೂ ತಿರುಗಿ ನೋಡದೇ ಇರ್ಲಿ ಅಂತ ಬ್ಯಾಟ್‌ಮ್ಯಾನ್ ತಾನು ವಿಚಿತ್ರವಾಗಿ ಕಾಣಿಸ್ಕೊಳ್ತಾನೆ. ಒಂದು ಹುಡುಗನ ನೋವನ್ನ ಮುಚ್ಚೋಕೆ ತನ್ನ ಮರ್ಯಾದೆನೇ ಪಕ್ಕಕ್ಕಿಟ್ಟ. ಚಿಕ್ಕೋರಿದ್ದಾಗ ನಿಮಗೆ ಗಂಭೀರವಾಗಿ ಕಂಡಿದ್ದು ಇದೇ ಇರ್ಬೇಕು ಅಂತ ನನಗನ್ಸುತ್ತೆ, ಮಕ್ಕಳು ಬಣ್ಣಕ್ಕಿಂತ ಬೇಗ ಇದನ್ನ ಹಿಡೀತಾರೆ. ನೀವೇನೂ ಕಳ್ಕೊಂಡಿಲ್ಲ, ದೊಡ್ಡೋರಾದ್ಮೇಲೆ ಕಣ್ಣು ಮೊದಲು ಗುಲಾಬಿ ಬಣ್ಣದ ಮೇಲೆ ಬೀಳುತ್ತೆ ಅಷ್ಟೆ.

ಈಗ ಆ ವಿಚಿತ್ರಕ್ಕೆ ಕಾರಣ. ಆಗಿನ ಕಾಲದ ಕಾಮಿಕ್ ಬರೆಯೋರಿಗೆ ಬುದ್ಧಿ ಇರ್ಲಿಲ್ಲ, ಏನೋ ಒಂದು ಗೀಚಿ ಕೊಡ್ತಿದ್ರು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಅದು ಸುಳ್ಳು. 1939ರ ಮೇನಲ್ಲಿ ಇದೇ ಪತ್ರಿಕೆಯ 27ನೇ ಸಂಚಿಕೆಯಲ್ಲಿ ಬ್ಯಾಟ್‌ಮ್ಯಾನ್ ಮೊದಲ ಸಲ ಬಂದಾಗ ಅದು ಕತ್ತಲೆ ಕತ್ತಲೆಯಾದ ಕೊಲೆ ಕಥೆ. ಅಲ್ಲಿಂದ ಗುಲಾಬಿ ಡ್ರೆಸ್‌ವರೆಗೆ ಬರೋಕೆ ಮಧ್ಯೆ ಒಂದು ದೊಡ್ಡ ಗಲಾಟೆ ಆಯ್ತು. 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಅನ್ನೋ ಮನೋವೈದ್ಯರು ಕಾಮಿಕ್ಸ್ ಮಕ್ಕಳನ್ನ ಹಾಳು ಮಾಡ್ತಿದೆ ಅಂತ ಪುಸ್ತಕ ಬರೆದ್ರು, ಬ್ಯಾಟ್‌ಮ್ಯಾನ್ ರಾಬಿನ್ ಒಂದೇ ಮನೇಲಿರೋದರ ಬಗ್ಗೆನೂ ಅದರಲ್ಲಿ ಆಪಾದನೆ ಇತ್ತು. ಅದೇ ವರ್ಷ ಅಮೆರಿಕದ ಸೆನೆಟ್ ಉಪಸಮಿತಿ ವಿಚಾರಣೆ ಮಾಡ್ತು, ಪ್ರಕಾಶಕರು ಹೆದರಿ ತಾವೇ ಕಾಮಿಕ್ಸ್ ಕೋಡ್ ಅಂತ ಒಂದು ಕಟ್ಟುಪಾಡು ಮಾಡ್ಕೊಂಡ್ರು. ಪತ್ರಿಕೆ ಹೆಸರಲ್ಲಿ ಹಾರರ್ ಅನ್ನೋ ಪದ ಇರ್ಬಾರ್ದು, ರಕ್ತಪಿಶಾಚಿ ತೋಳಮನುಷ್ಯ ಬರ್ಬಾರ್ದು, ಪೊಲೀಸ್ ಜಡ್ಜ್ ಯಾರಿಗೂ ಅವಮರ್ಯಾದೆ ಆಗ್ಬಾರ್ದು, ಪ್ರತಿ ಸಲ ಒಳ್ಳೇದೇ ಗೆಲ್ಬೇಕು. ನಿಮ್ಮ ಪ್ರತಿಯ ಮುಖಪುಟದ ಮೇಲ್ಗಡೆ ಅಂಚೆ ಚೀಟಿ ಥರ ಒಂದು ಚಿಕ್ಕ ಮುದ್ರೆ ಇರುತ್ತೆ ನೋಡಿ, ಕೋಡ್ ಒಪ್ಪಿದೆ ಅನ್ನೋ ಗುರುತು ಅದು.

ಭೀಕರವಾದ ಕೊಲೆ ಬರೆಯೋಹಾಗಿಲ್ಲ, ಭಯ ಹುಟ್ಟಿಸೋಹಾಗಿಲ್ಲ, ಆದ್ರೂ ತಿಂಗಳಿಗೊಂದು ಸಂಚಿಕೆ ಅಂಗಡಿ ಮುಂದೆ ಹತ್ತಾರು ಪತ್ರಿಕೆ ಮಧ್ಯೆ ಎದ್ದು ಕಾಣ್ಬೇಕು. ಆಗ ಬರಹಗಾರರಿಗೆ ಉಳಿದಿದ್ದು ಒಗಟು, ವೇಷ ಬದಲಾವಣೆ, ಬೇರೆ ಗ್ರಹ, ಮಾಯಾ ಯಂತ್ರ. ಇನ್ನೊಂದು ಗೊತ್ತಿರ್ಲಿ, ಬ್ಯಾಟ್‌ಮ್ಯಾನ್ ಪ್ರಕಟಿಸೋ ಡಿಸಿ ಕಂಪನಿಯಲ್ಲಿ ಆಗ ಎಷ್ಟೋ ಸಲ ಮುಖಪುಟದ ಐಡಿಯಾ ಮೊದಲು ಹುಟ್ಟೋದು, ಕಥೆ ಆಮೇಲೆ. ಜೂಲಿಯಸ್ ಶ್ವಾರ್ಟ್ಸ್ ಅನ್ನೋ ಸಂಪಾದಕರು 1951ರಲ್ಲಿ ಒಂದು ಸೈನ್ಸ್ ಫಿಕ್ಷನ್ ಪತ್ರಿಕೆ ಮುಖಪುಟಕ್ಕೆ ಗೊರಿಲ್ಲಾ ಹಾಕಿಸಿದ್ರು, ಅದು ಚೆನ್ನಾಗಿ ಮಾರಾಟ ಆಯ್ತು, ಆಮೇಲೆ ಡಿಸಿಯ ಎಷ್ಟು ಮುಖಪುಟಗಳಲ್ಲಿ ಗೊರಿಲ್ಲಾ ಬಂತು ಅಂದ್ರೆ ಓದುಗರು ಇವತ್ತಿಗೂ ಅವುಗಳನ್ನೇ ಹುಡುಕಿ ಕೂಡಿಡ್ತಾರೆ. ಮೊದಲು ಯಾರಿಗೂ ಅರ್ಥವಾಗದ ಒಗಟಿನಂಥ ಒಂದು ಚಿತ್ರ ಕೊಡೋದು, ಬರಹಗಾರ 12 ಪುಟದೊಳಗೆ ಅದಕ್ಕೊಂದು ಕಾರಣ ಹುಡುಕ್ಬೇಕು. ನಿಮ್ಮ ಗುಲಾಬಿ ಡ್ರೆಸ್ಸನ್ನ ಹೀಗೆ ಓದಿ ನೋಡಿ. ಅಷ್ಟು ಅಸಂಬದ್ಧವಾದ ಚಿತ್ರಕ್ಕೆ ಇಷ್ಟು ಮೃದುವಾದ ಕಾರಣ ಕೊಟ್ಟಿದ್ದಾರಲ್ಲ, ನನ್ನ ಪ್ರಕಾರ ಅದು ಒಳ್ಳೇ ಕಸುಬುದಾರಿಕೆ.

ಪಾತ್ರಗಳು ತಾವು ಏನ್ಮಾಡ್ತಿದ್ದೀವಿ ಅಂತ ತಾವೇ ಬಾಯ್ಬಿಟ್ಟು ಹೇಳ್ತಾರೆ, ಚಿತ್ರದಲ್ಲಿ ಜಿಗಿಯೋದು ಕಾಣ್ತಿದ್ರೂ ಮೇಲೆ ಜಿಗಿದ ಅಂತ ಬರೆದಿರ್ತಾರೆ, ಇದೂ ಮಗನಿಗೆ ತಮಾಷೆ ಅನ್ಸಿರುತ್ತೆ. ಓದೋ ಮಕ್ಕಳು ಆರೇಳು ವರ್ಷದಿಂದ ಹನ್ನೆರಡರವರೆಗಿನವರು, ಯಾವ ಮಗು ಯಾವ ಸಂಚಿಕೆಯಿಂದ ಶುರು ಮಾಡುತ್ತೋ ಗೊತ್ತಿಲ್ಲ, ಹಿಂದಿನದು ಸಿಗೋಕೆ ದಾರಿನೂ ಇಲ್ಲ. ಹಾಗಾಗಿ ಪ್ರತಿ ಕಥೆ ಅಲ್ಲೇ ಶುರುವಾಗಿ ಅಲ್ಲೇ ಮುಗೀಬೇಕು, ಎಲ್ಲಾ ಬಿಡಿಸಿ ಹೇಳ್ಬೇಕು. ನಡುವೆ ಎಲ್ಲೋ ಚಿತ್ರವೇ ಇಲ್ಲದ ಬರೀ ಅಕ್ಷರದ ಪುಟ ಬರುತ್ತಲ್ಲ, ಅದನ್ನ ಮಕ್ಕಳು ಓದ್ತಿದ್ರೋ ಇಲ್ವೋ, ಕಡಿಮೆ ಅಂಚೆ ದರ ಸಿಗ್ಬೇಕಂದ್ರೆ ಗದ್ಯ ಇರ್ಲೇಬೇಕು ಅನ್ನೋ ನಿಯಮಕ್ಕಾಗಿ ಹಾಕ್ತಿದ್ದಿದ್ದು.

ಚಿತ್ರದ ಕೆಳಗೆ ಬಾಬ್ ಕೇನ್ ಅಂತ, ಬ್ಯಾಟ್‌ಮ್ಯಾನ್ ಸೃಷ್ಟಿಸಿದೋರು ಅಂತ ಹೆಸರಾದ ಕಲಾವಿದರ ಸಹಿ ಇದೆ ಅಲ್ವಾ? ಅದನ್ನ ನಂಬ್ಬೇಡಿ. 1953ರಿಂದ 1967ರವರೆಗೆ ಕೇನ್ ಹೆಸರಲ್ಲಿ ಕೂತು ಬ್ಯಾಟ್‌ಮ್ಯಾನ್ ಚಿತ್ರ ಬರೆದಿದ್ದು ಶೆಲ್ಡನ್ ಮೋಲ್ಡಾಫ್, ಈ ಕಥೆಯ ಗೆರೆನೂ ಅವರದ್ದೇ. ಬ್ಯಾಟ್‌ಮ್ಯಾನ್‌ನ ಕೇನ್ ಜೊತೆ ಸೇರಿ ಕಟ್ಟಿದ ಬಿಲ್ ಫಿಂಗರ್‌ಗೂ ಅಧಿಕೃತವಾಗಿ ಹೆಸರು ಸಿಕ್ಕಿದ್ದು 2015ರಲ್ಲಿ, ಅವರು ತೀರ್ಕೊಂಡು 41 ವರ್ಷ ಆದ್ಮೇಲೆ. ನನಗೆ ಇದು ಇವತ್ತಿಗೂ ಸಂಕಟ ಕೊಡೋ ವಿಷಯ, ಈ ಪುಟಗಳನ್ನ ಮುಟ್ಟುವಾಗೆಲ್ಲ ನೆನಪಾಗುತ್ತೆ.

ಬಣ್ಣದ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಈ ಕಥೆಗೆ ಬಣ್ಣವೇ ಜೀವ. ಒಂದು ಭೂತಕನ್ನಡಿ ತಗೊಂಡು ಆ ಗುಲಾಬಿ ಡ್ರೆಸ್ ನೋಡಿ, ಗುಲಾಬಿ ಅನ್ನೋ ಶಾಯಿನೇ ಅಲ್ಲಿಲ್ಲ, ಬಿಳಿ ಹಾಳೆ ಮೇಲೆ ಕೆಂಪು ಚುಕ್ಕೆ ಚುಕ್ಕೆ ಅಷ್ಟೆ. ನೀಲಿ ಕೆಂಪು ಹಳದಿ ಮೂರು ಶಾಯಿ, ಗೆರೆಗೆ ಕಪ್ಪು. ಒಂದೊಂದು ಶಾಯಿ ಒಂದೋ ಇರಲ್ಲ, ಇಲ್ಲ ಕಾಲು ಭಾಗ ಚುಕ್ಕೆ, ಅರ್ಧ ಭಾಗ ಚುಕ್ಕೆ, ಇಲ್ಲ ಪೂರ್ತಿ. ನಾಲ್ಕನ್ನ ನಾಲ್ಕರಿಂದ ಮತ್ತೆ ನಾಲ್ಕರಿಂದ ಗುಣಿಸಿ, 64 ಬಣ್ಣ, ಅಷ್ಟರಲ್ಲೇ ಇಡೀ ಪ್ರಪಂಚ ತೋರಿಸ್ಬೇಕು. ಈ ಬಣ್ಣ ಬೇರ್ಪಡಿಸೋ ಕೆಲಸ ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್‌ನಲ್ಲಿ ಕೈಯಲ್ಲೇ ನಡೀತಿತ್ತು, ಹೆಚ್ಚಾಗಿ ಹೆಂಗಸರು ಮಾಡ್ತಿದ್ರು, ಅವರ ಹೆಸರು ಯಾವ ಪುಟದಲ್ಲೂ ಇಲ್ಲ. ಬ್ಯಾಟ್‌ಮ್ಯಾನ್ ಮೇಲಂಗಿ ನೀಲಿ ಯಾಕೆ ಅಂದ್ರೆ ಕಪ್ಪು ಬಟ್ಟೆಯ ಮಡಿಕೆ ತೋರಿಸೋಕೆ ಮಧ್ಯೆ ನೀಲಿ ತುಂಬ್ತಿದ್ರು, ಬರ್ತಾ ಬರ್ತಾ ನೀಲಿನೇ ಉಳ್ಕೊಳ್ತು. 1962ರಲ್ಲಿ ಹಲ್ಕ್ ಅನ್ನೋ ದೈತ್ಯ ಹೀರೋ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣ, ಆ ಬೂದು ಪ್ರತಿ ಪುಟಕ್ಕೂ ಒಂದೊಂದು ಥರ ಬಂತು ಅಂತ ಎರಡನೇ ಸಂಚಿಕೆಗೆ ಹಸಿರು ಮಾಡಿದ್ರು. ತುಟಿಯ ಕೆಂಪು ಕೆನ್ನೆಗೆ ಜಾರಿರೋದು, ಡ್ರೆಸ್ಸಿನ ಬಣ್ಣ ಗೆರೆ ದಾಟಿರೋದು ನಿಮ್ಮ ಪ್ರತಿಯಲ್ಲೂ ಇದ್ರೆ ಅದು ಕಲಾವಿದರ ತಪ್ಪಲ್ಲ, ಓಡೋ ಮಷಿನ್‌ನಲ್ಲಿ ನಾಲ್ಕು ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಹೊಸ ಮರುಮುದ್ರಣಗಳಲ್ಲಿ ಬಿಳಿ ಹೊಳೆಯೋ ಕಾಗದದ ಮೇಲೆ ಇದೇ ಬಣ್ಣ ಕಣ್ಣಿಗೆ ಹೊಡೆಯುತ್ತೆ, ಯಾಕಂದ್ರೆ ಇವೆಲ್ಲ ಶಾಯಿ ಹೀರೋ ಅಗ್ಗದ ಕಾಗದಕ್ಕೆ ಅಂತ ಆರಿಸಿದ ಬಣ್ಣಗಳು. ಹಳೇ ಪ್ರತಿಯನ್ನ ಉಳಿಸ್ಕೊಳ್ಳಿ ಅಂತ ನಾನು ಹೇಳೋಕೆ ಇದೇ ದೊಡ್ಡ ಕಾರಣ.

ಹಾಗಂತ ಆ ಅಗ್ಗದ ಕಾಗದವೇ ನಿಮ್ಮ ಸಮಸ್ಯೆ. ಅದು ನ್ಯೂಸ್‌ಪ್ರಿಂಟ್, ಮರವನ್ನ ಅರೆದು ಮಾಡಿದ್ದು, ಮರದ ನಾರನ್ನ ಗಟ್ಟಿಯಾಗಿ ಹಿಡಿದಿಡೋ ಲಿಗ್ನಿನ್ ಅನ್ನೋ ಪದಾರ್ಥ ಅದರಲ್ಲೇ ಉಳಿದಿರುತ್ತೆ. ಗಾಳಿ ಬೆಳಕು ತಾಗಿದಹಾಗೆ ಲಿಗ್ನಿನ್ ಕಂದಾಗುತ್ತೆ, ಜೊತೆಗೆ ಹಾಳೆಯೊಳಗೇ ಆಮ್ಲ ಹುಟ್ಟುತ್ತೆ, ಆ ಆಮ್ಲ ಕಾಗದದ ನಾರನ್ನ ತುಂಡು ತುಂಡು ಮಾಡುತ್ತೆ. ಟ್ರಂಕ್ ತೆಗೆದಾಗ ಒಂದು ಸಿಹಿ ಸಿಹಿ ವಾಸನೆ ಬಂದಿರ್ಬೇಕಲ್ಲ, ಕಾಗದ ಸವೀತಿರೋ ವಾಸನೆ ಅದು. ಇದನ್ನ ಪೂರ್ತಿ ನಿಲ್ಲಿಸೋಕೆ ಯಾರಿಂದಲೂ ಆಗಲ್ಲ, ನಿಧಾನ ಮಾಡ್ಬಹುದು. ಕಂದಾಗಿರೋದನ್ನ ವಾಪಸ್ ಬಿಳಿ ಮಾಡೋಕೆ ಬಿಸಿಲಿಗಿಡೋದು, ಬ್ಲೀಚ್ ಒರೆಸೋದು, ಇಸ್ತ್ರಿ ಹಾಕೋದು ಇದೆಲ್ಲ ಜನ ಮಾಡಿರೋದನ್ನ ನೋಡಿದ್ದೀನಿ, ಎಲ್ಲದರಲ್ಲೂ ಕೊನೆಗೆ ಕೈಗೆ ಬಂದಿದ್ದು ಪುಡಿ.

ಲ್ಯಾಮಿನೇಷನ್ ಯಾಕೆ ಬೇಡ? ಬಿಸಿ ಅಂಟು ನಾರಿನೊಳಗೆ ಇಳಿದುಬಿಡುತ್ತೆ, ಮತ್ತೆ ಬಿಡಿಸೋಕಾಗಲ್ಲ, ಆಮ್ಲ ಒಳಗೇ ಸಿಕ್ಕಾಕ್ಕೊಳ್ಳುತ್ತೆ, ಲ್ಯಾಮಿನೇಟ್ ಮಾಡೋಕೆ ಪಿನ್ ಕಿತ್ತು ಹಾಳೆ ಬಿಡಿಬಿಡಿ ಮಾಡ್ಬೇಕು, ಅಲ್ಲಿಗೆ ಅದು ಕಾಮಿಕ್ ಆಗಿ ಉಳಿಯಲ್ಲ. ಸೆಲೋಟೇಪ್ ಕೂಡ ಅದೇ ಜಾತಿ. ಈ ಕೆಲಸ ಕಲಿಯೋಕೆ ಮುಂಚೆ ಕಾಲೇಜಲ್ಲಿದ್ದಾಗ ನನ್ನದೇ ಒಂದು ಹಳೇ ಕಾಮಿಕ್‌ನ ಬೆನ್ನಿಗೆ ಉದ್ದಕ್ಕೂ ಟೇಪ್ ಹಚ್ಚಿದ್ದೆ, ಹತ್ತು ವರ್ಷದಲ್ಲಿ ಪ್ಲಾಸ್ಟಿಕ್ ಒಣಗಿ ಉದುರಿತು, ಅಂಟು ಮಾತ್ರ ಜೇನಿನ ಬಣ್ಣಕ್ಕೆ ತಿರುಗಿ ಮುಖಪುಟದ ಆಕಡೆವರೆಗೂ ಇಳಿದಿತ್ತು. ಅದನ್ನ ಇನ್ನೂ ಇಟ್ಕೊಂಡಿದ್ದೀನಿ, ಯಾರಾದ್ರೂ ಟೇಪ್ ಹಚ್ಚಲಾ ಅಂತ ಕೇಳಿದ್ರೆ ತೋರಿಸ್ತೀನಿ.

ಇನ್ನು ಹತ್ತಿಯ ಬಿಳಿ ಗ್ಲೌಸ್ ಹಾಕ್ಕೊಂಡೇ ಮುಟ್ಬೇಕು ಅನ್ನೋದು. ಇದು ಸಿನಿಮಾದಿಂದ ಬಂದ ನಂಬಿಕೆ ಇರ್ಬೇಕು. ಗ್ಲೌಸ್ ಹಾಕಿದ್ರೆ ಬೆರಳಿಗೆ ಹಾಳೆಯ ಅಂಚು ಗೊತ್ತಾಗಲ್ಲ, ನೂಲು ಸಿಕ್ಕಿ ಹರಿಯುತ್ತೆ. ಸೋಪಲ್ಲಿ ತೊಳೆದು ಚೆನ್ನಾಗಿ ಒರೆಸಿದ ಬರಿಗೈ ಸಾಕು, ಕ್ರೀಮ್ ಗೀಮ್ ಹಚ್ಚಿರ್ಬಾರ್ದು.

ಕೋಟಿ ವಿಷಯಕ್ಕೆ ಬರೋಣ. ಸೂಪರ್‌ಮ್ಯಾನ್ ಮೊದಲ ಸಲ ಬಂದ 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಒಂದು ಪ್ರತಿ 2024ರಲ್ಲಿ ಅಮೆರಿಕದ ಹರಾಜಲ್ಲಿ 60 ಲಕ್ಷ ಡಾಲರ್‌ಗೆ ಹೋಯ್ತು, ನಿಜ. ಆದ್ರೆ ಹಳೇದೆಲ್ಲಾ ಹಾಗೆ ಅಲ್ಲ. 1940ರ ದಶಕದ ಕಾಮಿಕ್ಸ್ ಯುದ್ಧಕಾಲದಲ್ಲಿ ರದ್ದಿ ಸಂಗ್ರಹಕ್ಕೆ ಹೋಗಿ ಅಪರೂಪ ಆದವು, ಜೊತೆಗೆ ಒಂದು ಹೀರೋನ ಮೊದಲ ಕಥೆ ಆಗಿರ್ಬೇಕು, ಅದರ ಮೇಲೆ ಸ್ಥಿತಿನೂ ಚೆನ್ನಾಗಿರ್ಬೇಕು. ನಿಮ್ಮ 241 ಮುಖಪುಟದಿಂದಾಗಿ ಸಂಗ್ರಹಕಾರರಿಗೆ ಇಷ್ಟವಾದ ಸಂಚಿಕೆ, ಕೇಳೋರು ಇದ್ದೇ ಇದ್ದಾರೆ, ಆದ್ರೆ ಇದರಲ್ಲಿ ಯಾರ ಹುಟ್ಟೂ ಇಲ್ಲ, ಮೇಲಾಗಿ ಹರಿದಿದೆ ತುಕ್ಕು ಹಿಡಿದಿದೆ. ಕೋಟಿಯ ಆಸೆ ಬಿಟ್ಟುಬಿಡಿ. ಅಸಲೋ ಮರುಮುದ್ರಣವೋ ಅಂತ ಖಚಿತ ಮಾಡ್ಕೊಳ್ಳೋದು ಕಷ್ಟ ಅಲ್ಲ, ಮೊದಲ ಪುಟದ ಬುಡದಲ್ಲೋ ಮುಖಪುಟದ ಒಳಗಡೆಯೋ ಸಣ್ಣಕ್ಷರದಲ್ಲಿ ಪ್ರಕಟಣೆ ವಿವರ ಇರುತ್ತೆ, ಅದರಲ್ಲಿನ ಸಂಖ್ಯೆ ತಿಂಗಳು ವರ್ಷ ಮುಖಪುಟಕ್ಕೆ ಹೊಂದ್ಬೇಕು. ಆ ಆ್ಯಕ್ಷನ್ ಮೊದಲ ಸಂಚಿಕೆಯನ್ನ 1974ರಲ್ಲಿ ಡಿಸಿಯವರೇ ದೊಡ್ಡ ಸೈಜಲ್ಲಿ ಮರುಮುದ್ರಣ ಮಾಡಿದ್ರು, ಹೊರಗಿನ ಹೊದಿಕೆ ತೆಗೆದುಬಿಟ್ರೆ ಒಳಗಿರೋದು ಅಸಲಿನ ಹಾಗೇ ಕಾಣುತ್ತೆ, ಅದನ್ನ ಹಿಡ್ಕೊಂಡು ಕನಸು ಕಂಡೋರು ಬಹಳ ಜನ.

ಡಬ್ಬಿಯಲ್ಲಿ ಸೀಲ್ ಮಾಡಿಸೋದು ಅಂದ್ರೆ ಸಿಜಿಸಿ ಥರದ ಕಂಪನಿಗೆ ಕಳಿಸೋದು. 2000ದಿಂದ ಅವರು ಈ ಕೆಲಸ ಮಾಡ್ತಿದ್ದಾರೆ, ಸ್ಥಿತಿ ನೋಡಿ 10ಕ್ಕೆ ಇಷ್ಟು ಅಂತ ಅಂಕ ಕೊಟ್ಟು ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿ ಕೊಡ್ತಾರೆ. ಮಾರೋದು ಖಂಡಿತ ಅಂದ್ರೆ ಇದು ಒಳ್ಳೇ ದಾರಿ, ಕೊಳ್ಳೋರಿಗೆ ನಂಬಿಕೆ ಬರುತ್ತೆ. ನಷ್ಟ ಏನು ಅಂದ್ರೆ ಖರ್ಚಿದೆ, ಅಂಚೆಯಲ್ಲಿ ಹೋಗಿ ಬರೋ ಅಪಾಯ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಅದು ಡಬ್ಬಿ ಒಡೆಯದೆ ಮತ್ತೆ ತೆರೆಯೋಕಾಗದ ಪುಸ್ತಕ. ಮುಖಪುಟ ಮಾತ್ರ ಕಾಣುತ್ತೆ, ರಾಬಿನ್ ತೋಳಿನ ವಿಷಯ ಒಳಗೇ ಉಳಿಯುತ್ತೆ. ನನಗಂತೂ ನಿಮ್ಮ ಪತ್ರ ಓದಿದ್ಮೇಲೆ ಇದು ನಿಮಗೆ ಸರಿಹೋಗುತ್ತೆ ಅನ್ಸಲ್ಲ.

ನಾನಾಗಿದ್ರೆ ಹೀಗೆ ಮಾಡ್ತಿದ್ದೆ. ಮೈಲಾರ್ ಅಂತ ಪಾಲಿಯೆಸ್ಟರ್ ಕವರ್ ಸಿಗುತ್ತೆ, ಅದನ್ನ ತರಿಸ್ಕೊಂಡು ಹಿಂದೆ ಆಮ್ಲ ಇಲ್ಲದ ರಟ್ಟು ಇಟ್ಟು ಅದರಲ್ಲಿ ಸೇರಿಸ್ತಿದ್ದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಸೇರಿಸಿದ ರಟ್ಟಾದ್ರೆ ಆಮ್ಲವನ್ನ ಸ್ವಲ್ಪ ಹೀರ್ಕೊಳ್ಳುತ್ತೆ. ಪಾಲಿಪ್ರಾಪಿಲೀನ್ ಕವರ್ ಕೂಡ ನಡೆಯುತ್ತೆ ಆದ್ರೆ ಕೆಲವು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ಪಿವಿಸಿ ಫೈಲ್ ಕವರ್ ಮಾತ್ರ ಬೇಡವೇ ಬೇಡ, ಅದು ಬೆವರಿ ಶಾಯಿಗೆ ಅಂಟ್ಕೊಳ್ಳುತ್ತೆ. ಇಡೋ ಜಾಗ ಕತ್ತಲು ಇರ್ಬೇಕು, ಒಣಗಿರ್ಬೇಕು, ತಂಪಿರ್ಬೇಕು. 20 ಡಿಗ್ರಿ ಆಸುಪಾಸು, ಗಾಳಿಯ ತೇವ 40ರಿಂದ 50 ಪರ್ಸೆಂಟ್ ಇದ್ರೆ ಚೆನ್ನ. ಅಷ್ಟು ಸಾಧ್ಯ ಆಗದಿದ್ರೂ ಏರುಪೇರು ಕಡಿಮೆ ಇರೋ ಜಾಗ ಹುಡುಕಿ, ಅಟ್ಟ ಬೇಡ, ಹೊರಗೋಡೆಗೆ ಅಂಟಿರೋ ಬೀರು ಬೇಡ. ನುಸಿಗುಳಿಗೆ ಅದರ ಜೊತೆ ಹಾಕ್ಬೇಡಿ. ಹುಳ ಕಂಡ್ರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮೈನಸ್ 20 ಡಿಗ್ರಿ ಫ್ರೀಜರ್‌ನಲ್ಲಿ ಎರಡು ವಾರ ಇಟ್ಟು, ಹೊರಗೆ ತೆಗೆದ್ಮೇಲೆ ಚೀಲ ಬಿಚ್ಚದೆ ಒಂದಿನ ಬಿಡಿ, ಬೇಗ ಬಿಚ್ಚಿದ್ರೆ ತಣ್ಣಗಿನ ಹಾಳೆ ಮೇಲೆ ನೀರು ಕೂರುತ್ತೆ.

ಹರಿದ ಜಾಗ ಒಂದಿಂಚು ಅಂದ್ರಲ್ಲ, ಓದುವಾಗ ಮುಂದೆ ಹರಿಯದೇ ಇದ್ರೆ ಸುಮ್ನೆ ಬಿಡಿ. ಮುಂದುವರೀತಿದ್ರೆ ಕಾಗದ ಸಂರಕ್ಷಣೆ ಕಲಿತೋರ ಹತ್ರ ಹೋಗಿ, ತೆಳ್ಳಗಿನ ಜಪಾನಿ ಕಾಗದವನ್ನ ಗೋಧಿ ಪಿಷ್ಟದ ಅಂಟಿನಲ್ಲಿ ಒಳಗಡೆಯಿಂದ ಕೂರಿಸ್ತಾರೆ, ಮುಂದೆ ಯಾವಾಗ ಬೇಕಾದ್ರೂ ನೀರಿನ ಪಸೆಯಿಂದ ಅದನ್ನ ಬಿಡಿಸ್ಬಹುದು. ಇದರಲ್ಲೂ ಅಪಾಯ ಇದೆ, ನ್ಯೂಸ್‌ಪ್ರಿಂಟ್‌ಗೆ ಸ್ವಲ್ಪ ಹೆಚ್ಚು ತೇವ ಆದ್ರೂ ಕಂದು ಗೆರೆ ಬೀಳುತ್ತೆ. ಮುಂದೆ ಮಾರೋದಾದ್ರೆ ರಿಪೇರಿ ಆಗಿರೋ ವಿಷಯವನ್ನ ಹೇಳ್ಲೇಬೇಕು, ಬೆಲೆ ಇಳೀಬಹುದು. ಇಡೀ ಪುಸ್ತಕ ತೊಳೆದು ಆಮ್ಲ ತೆಗೀತೀವಿ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ, ಅದು ನಿಮ್ಮ ಪ್ರತಿಯ ಸ್ಥಿತಿಗೆ ಬೇಕಾಗಿರೋದಲ್ಲ. ಪಿನ್ ನೀವೇ ಕೀಳೋಕೆ ಹೋಗ್ಬೇಡಿ, ತುಕ್ಕಿನ ಪಕ್ಕದ ಕಾಗದ ಬಿಸ್ಕತ್ತಿನ ಥರ ಆಗಿರುತ್ತೆ, ಪಿನ್ ಜೊತೇಲೇ ಬಂದುಬಿಡುತ್ತೆ.

ಪದೇ ಪದೇ ಓದೋಕೆ ಒಂದ್ಸಲ ಎಲ್ಲಾ ಪುಟದ ಫೋಟೋ ತೆಗೆದಿಟ್ಕೊಳ್ಳಿ. ಸ್ಕ್ಯಾನರ್ ಮೇಲೆ ಕವುಚಿ ಒತ್ಬೇಡಿ, ಬೆನ್ನು ಮುರಿಯುತ್ತೆ, ಅರ್ಧ ತೆರೆದು ಎರಡೂ ಕಡೆ ಪುಸ್ತಕದ ಆಸರೆ ಕೊಟ್ಟು ಮೇಲಿಂದ ಕ್ಯಾಮೆರಾದಲ್ಲಿ ತೆಗೀರಿ. ಜಾಹೀರಾತಿನ ಪುಟಗಳನ್ನ ಬಿಡ್ಬೇಡಿ, ಮರುಮುದ್ರಣಗಳಲ್ಲಿ ಅವೇ ಮೊದಲು ಮಾಯ ಆಗೋದು, ಆ ಕಾಲದ ಮಗು ಏನಕ್ಕೆ ಆಸೆಪಡ್ತಿತ್ತು ಅಂತ ಅಲ್ಲೇ ಗೊತ್ತಾಗೋದು. ಫೋಟೋ ಮನೆಯೊಳಗೇ ಇರ್ಲಿ, ನೆಟ್‌ಗೆ ಹಾಕ್ಬೇಡಿ, ಕಥೆಯ ಹಕ್ಕು ಇನ್ನೂ ಡಿಸಿಯವರದ್ದೇ.

ಮಗನಿಗೆ ಮಾತ್ರ ಫೋಟೋ ಕೊಡ್ಬೇಡಿ, ಅಸಲು ಪ್ರತಿನೇ ಕೊಡಿ. ಟೇಬಲ್ ಮೇಲಿಟ್ಟು, ನೀರಿನ ಲೋಟ ದೂರ ಸರಿಸಿ, ಪಕ್ಕದಲ್ಲಿ ನೀವೂ ಕೂತ್ಕೊಳ್ಳಿ. ಅವನು ಮುಖಪುಟ ಅಷ್ಟೇ ನೋಡಿ ನಕ್ಕಿದ್ದಾನೆ ಅಂತ ನನ್ನ ಊಹೆ. ರಾಬಿನ್ ತೋಳಿನ ವಿಷಯ ನೀವಾಗೇ ಹೇಳ್ಬೇಡಿ, ಕೊನೇ ಪುಟಕ್ಕೆ ಅವನೇ ಬರ್ಲಿ.